ಶಿಕ್ಷೆ ಮುಗಿದ ಮೇಲೆ ಪೌರನೋ, ಪರಕೀಯನೋ?

ಕೆಲವು ದಿನಗಳ ಹಿಂದೆ ನಮ್ಮ ವಾಚನಾಲಯಕ್ಕೆ ಬಂದ ಗೃಹಸ್ಥರೊಬ್ಬರು, ಉಳಿದ ವಾಚಕರೆಲ್ಲ ಎದ್ದುಹೋಗುವವರೆಗೆ ಕಾದಿದ್ದು, ಮೆಲ್ಲನೆ ಮೇಜಿನ ಬಳಿ ಬಂದರು. ಅವರ ಕೈಯಲ್ಲಿ ಮತದಾರರ ಯಾದಿಗೆ ಹೆಸರು ಸೇರಿಸುವ ಅರ್ಜಿಯಿತ್ತು. ಹೊಡೆದಾಟದ ಖಟ್ಲೆಯೊಂದರಲ್ಲಿ ಮೂರು ವರ್ಷ ತುರಂಗದಲ್ಲಿದ್ದು ಬಂದವರು. "ನನ್ನಂಥವ ಇದನ್ನು ತುಂಬಬಹುದೇನ್ರಿ? ತುಂಬಿದರೆ ಹಳೆಯದನ್ನೆಲ್ಲ ಕೆದಕುವುದಿಲ್ಲವಷ್ಟೆ?" ಎಂದು ಕೇಳಿದರು. ಅವರ ಬಿಡುಗಡೆಯಾಗಿ ಒಂಬತ್ತು ವರ್ಷಗಳಾಗಿದ್ದವು. ಅಷ್ಟರಲ್ಲಿ ಎಷ್ಟೋ ಚುನಾವಣೆಗಳು ಬಂದುಹೋದರೂ ಅವರು ಮತಗಟ್ಟೆಯ ಕಡೆ ಸುಳಿದಿರಲಿಲ್ಲ. ಯಾರೂ ಅವರನ್ನು ತಡೆದಿರಲಿಲ್ಲ. ತಮ್ಮನ್ನು ತಾವೇ ತಡೆದುಕೊಂಡಿದ್ದರು. ಇಂಥ ಸಂಶಯ ಅವರೊಬ್ಬರದೇ ಆಗಿರಲಾರದೆಂದು ತೋರಿದ್ದರಿಂದ ಈ ಸಲದ ಪಾಠಕ್ಕೆ ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮೊದಲು ಒಂದು ಭೇದವನ್ನು ತಿಳಿಯಬೇಕು. ಪೌರತ್ವ ಬೇರೆ, ಪೌರನ ಹಕ್ಕುಗಳು ಬೇರೆ. ೧೯೫೫ರ ಪೌರತ್ವ ಕಾಯದೆಯ ಪ್ರಕಾರ, ಜನ್ಮದಿಂದ ಭಾರತದ ಪೌರನಾದವನ ಪೌರತ್ವವನ್ನು ಅಪರಾಧದ ಕಾರಣಕ್ಕಾಗಿ ಕಸಿದುಕೊಳ್ಳುವಂತಿಲ್ಲ. ಹೊರದೇಶದಿಂದ ಬಂದು ನೋಂದಣಿಯ ಮೂಲಕ ಪೌರತ್ವ ಪಡೆದವರ ಮಾತು ಬೇರೆ. ಪಡೆದ ೫ ವರ್ಷಗಳೊಳಗೆ ಅವರಿಗೆ ೨ ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸದ ಶಿಕ್ಷೆಯಾದರೆ ಸರಕಾರವು ಅದನ್ನು ರದ್ದುಪಡಿಸಬಹುದು. ನಮ್ಮ ಗೃಹಸ್ಥರಂಥವರು ಪೌರತ್ವವನ್ನು ಎಂದೂ ಕಳೆದುಕೊಂಡಿರಲಿಲ್ಲ. ತಪ್ಪಿಹೋಗುವುದು ಕೆಲವು ಹಕ್ಕುಗಳು ಮಾತ್ರ. ಅವೂ ಒಂದು ಅವಧಿಯವರೆಗೆ.

ಆ ಅವಧಿಗಳಾವುವು? ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯದೆಯ ೬೨ನೆಯ ಕಲಮಿನಂತೆ, ಸೆರೆಮನೆಯಲ್ಲಿ ಅಥವಾ ಪೋಲೀಸರ ವಶದಲ್ಲಿರುವವನು ಮತ ಹಾಕುವಂತಿಲ್ಲ. ಹೊರಬಂದ ದಿನವೇ ಆ ತಡೆ ತಾನಾಗಿ ತೊಲಗುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಚುನಾವಣೆಯಲ್ಲಿ ಲಂಚ ಕೊಟ್ಟು ಅಥವಾ ಪರರ ಹೆಸರಿನಲ್ಲಿ ಮತ ಹಾಕಿ ಶಿಕ್ಷೆ ಹೊಂದಿದವರಿಗೆ ಮಾತ್ರ ೬ ವರ್ಷ ಮತದಾನದ ಹಕ್ಕಿಲ್ಲ. ಸಂಸತ್ತಿಗೋ ವಿಧಾನಸಭೆಗೋ ಉಮೇದುವಾರನಾಗಿ ನಿಲ್ಲುವುದಕ್ಕೆ ಕಟ್ಟು ಹೆಚ್ಚು. ೨ ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವನು ಬಿಡುಗಡೆಯ ನಂತರವೂ ೬ ವರ್ಷ ಕಾಯಬೇಕು. ನೀತಿಗೆಟ್ಟ ಅಪರಾಧಕ್ಕಾಗಿ ೨ ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೆ, ಆ ತೀರ್ಪಿನಿಂದ ೫ ವರ್ಷಗಳವರೆಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ನಮ್ಮ ಗೃಹಸ್ಥರ ಮಟ್ಟಿಗೆ ಈ ಎಲ್ಲ ಅವಧಿಗಳೂ ಮುಗಿದುಹೋಗಿವೆ.

ಕಾಯದೆಯನ್ನು ಮುರಿದವನಿಗೆ ಕಾಯದೆ ಮಾಡುವವರನ್ನು ಆರಿಸುವ ಹಕ್ಕೇಕೆ ಎಂದು ಕೇಳುವವರುಂಟು. ಏಟು ತಿಂದವನ ಮನೆಯವರು ಹಾಗೆ ಕೇಳಿದರೆ ಅದನ್ನು ಹಗುರಾಗಿ ತಳ್ಳಿಹಾಕಲಾಗದು. ಆದರೆ ಶಿಕ್ಷೆಯನ್ನು ಅಳೆಯುವ ಕೆಲಸ ನ್ಯಾಯಾಧೀಶರದು. ಅವರು ಮೂರು ವರ್ಷವೆಂದು ಅಳೆದುಕೊಟ್ಟದ್ದನ್ನು ನಾವು ಜೀವಾವಧಿಯಾಗಿ ಎಳೆದರೆ ಅದು ನ್ಯಾಯವಲ್ಲ, ಹಗೆ. ಅಧಿಕಾರದ ಕುರ್ಚಿ ನಂಬಿಕೆಯ ಮಾತು. ಅದಕ್ಕೆ ಕೆಲವು ವರ್ಷ ಕಾಯಿಸುವುದು ಸರಿ. ಮತವಾದರೋ ಆಳಿಸಿಕೊಳ್ಳುವ ಪ್ರತಿಯೊಬ್ಬನ ಹಕ್ಕು.

ಅಮೇರಿಕದ ಫ್ಲೋರಿಡಾ ರಾಜ್ಯದಲ್ಲಿ ದೊಡ್ಡ ಅಪರಾಧ ಮಾಡಿದವರು ಕ್ಷಮಾದಾನ ದೊರೆಯದಿದ್ದರೆ ಸಾಯುವತನಕ ಮತವಿಲ್ಲದೆ ಇರಬೇಕಾಗಿತ್ತು. ೨೦೧೮ರಲ್ಲಿ ಅಲ್ಲಿಯ ಮತದಾರರೇ ಶೇಕಡಾ ೬೪ಕ್ಕೂ ಹೆಚ್ಚಿನ ಬಹುಮತದಿಂದ, ಕೊಲೆ ಮತ್ತು ಲೈಂಗಿಕ ಅಪರಾಧಗಳನ್ನು ಬಿಟ್ಟು, ಶಿಕ್ಷೆ ಮುಗಿಸಿದವರಿಗೆ ಆ ಹಕ್ಕನ್ನು ಮರಳಿಸಿದರು. ಮರುವರ್ಷವೇ ಅಲ್ಲಿಯ ಶಾಸನಸಭೆ ದಂಡ, ಶುಲ್ಕಗಳೆಲ್ಲ ಸಂದಾಯವಾಗಬೇಕೆಂಬ ಕಟ್ಟು ಹಾಕಿತು. ಕೈಯಲ್ಲಿ ಕಾಸಿಲ್ಲದವನಿಗೆ ಕೊಟ್ಟ ಹಕ್ಕು ಮತ್ತೆ ದೂರವಾಯಿತು.

ನಮ್ಮಲ್ಲಿಯೂ ಬಡತನದ ಬಿಸಿ ಬೇರೆ ಬಗೆಯಲ್ಲಿ ತಾಗುತ್ತದೆ. ಶಿಕ್ಷೆಯಾಗಿಯೂ ಜಾಮೀನಿನ ಮೇಲೆ ಹೊರಗಿರುವವನು ಮತ ಹಾಕಬಲ್ಲ; ಅಪರಾಧ ಸಿದ್ಧವಾಗದಿದ್ದರೂ ಜಾಮೀನು ಕೊಡಲಾರದೆ ಒಳಗಿರುವವನು ಹಾಕಲಾರ. ೨೦೨೨ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣೆ ಮುಗಿಯದವರು. ಸುಪ್ರೀಮ್ ಕೋರ್ಟು ೧೯೯೭ರಲ್ಲಿ ಈ ಕಲಮನ್ನು ಎತ್ತಿಹಿಡಿದಿದೆ. ಆದರೂ ಇದನ್ನು ಸಂಸತ್ತು ತಿದ್ದಬೇಕೆಂಬುದು ನಮ್ಮ ಅಭಿಪ್ರಾಯ.

ಕಾಯದೆ ಬಿಟ್ಟರೂ ನೆರೆಹೊರೆ ಬಿಡದೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಬ್ರಿಟಿಷರು ೧೮೭೧ರಲ್ಲಿ ಮಾಡಿದ ಕಾಯದೆಯೊಂದು ಇಡೀ ಜಾತಿಗಳನ್ನೇ ಹುಟ್ಟಾ ಅಪರಾಧಿಗಳೆಂದು ಬರೆದಿಟ್ಟಿತು. ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಅಂಥವರನ್ನು ಕೂಡಿಹಾಕಿದ ಸೆಟ್ಲಮೆಂಟುಗಳಿದ್ದವು. ೧೯೫೨ರಲ್ಲಿ ಸ್ವತಂತ್ರ ಭಾರತ ಆ ಕಾಯದೆಯನ್ನು ಅಳಿಸಿ ಅವರನ್ನು ವಿಮುಕ್ತರೆಂದು ಕರೆಯಿತು. ಕಾಗದದ ಮೇಲಿನ ಕಲೆ ಒಂದೇ ದಿನದಲ್ಲಿ ಹೋಯಿತು. ಜನರ ಮನಸ್ಸಿನಲ್ಲಿಯದು ಹೋಗಲಿಲ್ಲ. ಊರಿನಲ್ಲಿ ಕಳವಾದರೆ ಮೊದಲು ಅವರ ಬಾಗಿಲು ತಟ್ಟುವ ರೂಢಿ ಉಳಿದೇ ಉಳಿಯಿತು.

ನೌಕರಿ ಹುಡುಕುವ ವಾಚಕರಿಗೆ ಒಂದು ಮಾತು. ಅರ್ಜಿಯಲ್ಲಿ ಹಳೆಯ ಖಟ್ಲೆಯ ಬಗ್ಗೆ ಸ್ಪಷ್ಟವಾಗಿ ಕೇಳಿದ್ದರೆ ಮುಚ್ಚಿಡಬಾರದು. ಕೊಡುವ ಮಾಹಿತಿ ಸತ್ಯವಾಗಿರಬೇಕೆಂದು ಸುಪ್ರೀಮ್ ಕೋರ್ಟು ೨೦೧೬ರಲ್ಲಿ ಹೇಳಿದೆ. ಎಳೆವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಹೇಳದೆ ಬಿಟ್ಟಿದ್ದರೆ ಮಾಲಕರು ಅದನ್ನು ಮನ್ನಿಸಬಹುದೆಂದೂ ಅದೇ ತೀರ್ಪು ಹೇಳುತ್ತದೆ. ಅನೇಕ ಸಲ ನೌಕರಿಯನ್ನು ಕಳೆಯುವುದು ಹಳೆಯ ತಪ್ಪಲ್ಲ, ಹೊಸ ಸುಳ್ಳು.

ಇನ್ನು ನಮ್ಮ ಪಾಲಿನ ಕರ್ತವ್ಯ. ಊರು ಬಿಟ್ಟು ಬಂದ ನಮಗೆ ಗುರುತಿನವರ ಒಂದು ಮಾತಿನ ಬೆಲೆ ಗೊತ್ತು. ಖೋಲಿ ಸಿಕ್ಕಿದ್ದು, ಕೆಲಸ ಸಿಕ್ಕಿದ್ದು ಯಾರೋ "ಇವರು ನಮ್ಮವರು" ಎಂದದ್ದರಿಂದ. ಶಿಕ್ಷೆ ಮುಗಿಸಿ ಬಂದವನಿಗೂ ಬೇಕಾದದ್ದು ಆ ಮಾತೇ. ಅವನ ತಪ್ಪನ್ನು ಮರೆಯಿರೆಂದು ನಾವು ಹೇಳುವುದಿಲ್ಲ. ಅದು ತೀರಿದ ಸಾಲವೆಂಬುದನ್ನು ಮರೆಯಬೇಡಿರೆಂದು ಹೇಳುತ್ತೇವೆ.

ಆ ಗೃಹಸ್ಥರು ನಮ್ಮ ಮೇಜಿನ ಮೇಲೆಯೇ ಅರ್ಜಿ ತುಂಬಿದರು. ಅದರಲ್ಲಿ ವಯಸ್ಸು, ವಾಸ್ತವ್ಯಗಳ ಪ್ರಶ್ನೆಗಳಿದ್ದವು. ಶಿಕ್ಷೆಯ ಪ್ರಶ್ನೆಯೇ ಇರಲಿಲ್ಲ. ಅದನ್ನು ಎರಡೆರಡು ಸಲ ಓದಿ ನೋಡಿ, ಕೊನೆಗೆ ಸಹಿ ಹಾಕಿದರು.