ರಕ್ಷಿತ ಸ್ಮಾರಕಗಳು: ವಿಜಯಪುರ ಸೀಮೆಯ ಒಂದು ಅವಲೋಕನ

ವಿಜಯಪುರ ನಗರದಲ್ಲಿ ‘ರಕ್ಷಿತ ಸ್ಮಾರಕ’ ಎಂಬ ಫಲಕವನ್ನು ಕಾಣದ ವಿದ್ಯಾರ್ಥಿಯಿಲ್ಲ. ಆದರೆ ಆ ಫಲಕದ ಹಿಂದಿರುವ ಕಾನೂನು ಯಾವುದು, ಅದು ಏತಕ್ಕಾಗಿ ಬಂದಿತು ಎಂದು ವಿಚಾರಿಸುವವರು ವಿರಳ.

1686ರಲ್ಲಿ ಆದಿಲಶಾಹಿ ರಾಜ್ಯವು ಔರಂಗಜೇಬನ ವಶವಾದ ಮೇಲೆ ಈ ನಗರವು ಕ್ರಮೇಣ ಹಾಳುಬಿದ್ದಿತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಬೇಡದ ಸಾಮಾನೆಂದು ಹರಾಜಿಗಿಟ್ಟರು. ಬಂದ ಸವಾಲು 150 ರೂಪಾಯಿ! ಬೆಲೆ ತೀರ ಕಡಿಮೆಯೆಂಬ ಕಾರಣದಿಂದಲೇ ತೋಪು ನಮಗೆ ಉಳಿಯಿತು. 1885ರಲ್ಲಿ ಜಿಲ್ಲೆಯ ಮುಖ್ಯ ಠಾಣೆಯು ಕಲಾದಗಿಯಿಂದ ಇಲ್ಲಿಗೆ ಬಂದಾಗ ಹಳೆಯ ಮಹಲುಗಳು ಕಚೇರಿಗಳಾದವು. ಒಂದು ಮಸೀದಿ ಪ್ರವಾಸಿ ಬಂಗಲೆಯಾಗಿಯೂ ಮತ್ತೊಂದು ಅಂಚೆ ಕಚೇರಿಯಾಗಿಯೂ ಬಳಕೆಯಾಗಿದ್ದವು. ಇವನ್ನು ತೆರವು ಮಾಡಿಸಿದವನು ವೈಸರಾಯ್ ಕರ್ಜನ್. ಅವನ ಕಾಲದಲ್ಲಿಯೇ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರ 1958ರಲ್ಲಿ ಕೇಂದ್ರದ ಕಾಯಿದೆಯೂ 1961ರಲ್ಲಿ ನಮ್ಮ ರಾಜ್ಯದ ಕಾಯಿದೆಯೂ ಬಂದವು.

2010ರ ತಿದ್ದುಪಡಿಯಂತೆ ಕೇಂದ್ರರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಸ್ಮಾರಕದ ನೆರೆಯಲ್ಲಿ ಮನೆಯುಳ್ಳ ಬಡವನಿಗೆ ಇದು ತೊಡಕೆನಿಸುವುದು ಸಹಜ. ಆತನ ದುರಸ್ತಿಯ ಅರ್ಜಿ ಬೇಗ ಇತ್ಯರ್ಥವಾಗದಿದ್ದರೆ ಆತನು ಸ್ಮಾರಕವನ್ನೇ ಶತ್ರುವೆಂದು ಬಗೆಯುವನು.

ಗೋಳಗುಮ್ಮಟಕ್ಕೆ ಬೇಲಿ ಹಾಕಬಹುದು. ಅದರ ಗುಮ್ಮಟದ ಹೊರವ್ಯಾಸವೇ ಸುಮಾರು 44 ಮೀಟರು; ಕಣ್ಣಿಗೆ ಬೀಳದೆ ಇರದು. ಆದರೆ ನೆಲದೊಳಗಿನ ಸ್ಮಾರಕಕ್ಕೆ ಬೇಲಿ ಎಲ್ಲಿ? ತಿಕೋಟಾ ಮಾರ್ಗದಲ್ಲಿರುವ ತೊರವಿಯಿಂದ ನಗರಕ್ಕೆ ನೀರು ತಂದ ಸುರಂಗವು ಅಂತಹುದು. ಮೇಲಿಂದ ಕಾಣುವುದು ಅಲ್ಲಲ್ಲಿ ಬಾವಿಯಂತೆ ಬಾಯ್ದೆರೆದ ಕಿಂಡಿಗಳು ಮಾತ್ರ. ಗಾಳಿಯಾಡಲು, ಹೂಳೆತ್ತಲು ಇಳಿಯುವ ದಾರಿಗಳಿವು. ಒಂದು ಕಿಂಡಿಯನ್ನು ಕಸ ತುಂಬಿ ಮುಚ್ಚಿದರೆ ಹಾನಿ ಅಲ್ಲಿಗೇ ನಿಲ್ಲದು. ನೀರಿನ ಹರಿವೇ ಕಟ್ಟುತ್ತದೆ. 1620ರ ತಾಜ ಬಾವಡಿ, 1651ರ ಬೇಗಂ ತಲಾಬ, ನೀರಿನ ಒತ್ತಡ ತಗ್ಗಿಸುತ್ತಿದ್ದ ‘ಗಂಜ್’ ಎಂಬ ಗೋಪುರಗಳು ಇವೆಲ್ಲ ಮಳೆ ಕಡಿಮೆಯಾದ ಈ ನಾಡಿನಲ್ಲಿ ಒಂದು ಮಹಾನಗರವು ಬದುಕಿದುದಕ್ಕೆ ಸಾಕ್ಷಿಗಳು. ನಮ್ಮ ಅಭಿಪ್ರಾಯದಲ್ಲಿ ಗುಮ್ಮಟಕ್ಕಿಂತ ಇವೇ ಹೆಚ್ಚಿನ ವಿದ್ಯೆಯ ಫಲ.

ತೊರವಿಯ ಹಿರಿಮೆ ಇಷ್ಟಕ್ಕೇ ಮುಗಿಯದು. ಕುಮಾರ ವಾಲ್ಮೀಕಿಯು ರಾಮಾಯಣ ರಚಿಸಿದ್ದು ಇಲ್ಲಿಯ ನರಸಿಂಹನ ಸನ್ನಿಧಿಯಲ್ಲಿ. ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಂ ಆದಿಲಶಹನು 1599ರಲ್ಲಿ ನವರಸಪುರವನ್ನು ಕಟ್ಟತೊಡಗಿದ್ದೂ ಇಲ್ಲಿಯೇ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಈಡಾಯಿತು. ಸಂಗೀತ ಮಹಲಿನ ಅವಶೇಷ ಇಂದಿಗೂ ನಿಂತಿದೆ.

ಬಬಲೇಶ್ವರ ಭಾಗದ ಮಮದಾಪುರದ ಕೆರೆಯೂ ಆದಿಲಶಾಹಿ ಕಾಲದ್ದು. ಇದಕ್ಕೆ ಬೇಲಿಗಿಂತ ಹೂಳೆತ್ತುವ ಗುದ್ದಲಿಯೇ ರಕ್ಷಣೆ.

ಯಾವ ಪಟ್ಟಿಗೂ ಸೇರದ ಶಾಸನ, ವೀರಗಲ್ಲುಗಳು ಹಳ್ಳಿಗಳ ಹೊಲದ ಬದುವಿನಲ್ಲಿಯೂ ಗುಡಿಯ ಕಟ್ಟೆಯಲ್ಲಿಯೂ ದೊರೆಯುವುದುಂಟು. ಅಂತಹುದು ಕಂಡಲ್ಲಿ ವಿದ್ಯಾರ್ಥಿಗಳು ಊರು, ಹೊಲದ ಸರ್ವೇ ನಂಬರು, ಕಲ್ಲಿನ ಅಳತೆ, ಅಕ್ಷರಗಳಿರುವ ಮುಖದ ದಿಕ್ಕು ಇವನ್ನು ಬರೆದುಕೊಂಡು ಗುರುಗಳ ಮೂಲಕ ಪುರಾತತ್ವ ಇಲಾಖೆಗೆ ತಿಳಿಸತಕ್ಕದ್ದು. ಕಲ್ಲನ್ನು ಕದಲಿಸಕೂಡದು, ಓದಲು ಸುಲಭವಾಗಲೆಂದು ಅಕ್ಷರಗಳಿಗೆ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಬಳಿಯಕೂಡದು.