ಬಲೆರೆಕ್ಕೆ ದುಂಬಿಗೆ ಹೆಸರಿಡುವ ಮುನ್ನ

ಲೈಸಿಡೇ ಕುಟುಂಬದ ದುಂಬಿಯನ್ನು ಗುರುತಿಸುವುದು ಸುಲಭ. ಕಿತ್ತಳೆ, ಕೆಂಪು, ಕಪ್ಪು ಬಣ್ಣದ ಮೆತ್ತನೆಯ ಮೇಲ್ರೆಕ್ಕೆ, ಅದರ ಉದ್ದಕ್ಕೂ ಎದ್ದ ಏಣುಗಳು, ಏಣುಗಳ ನಡುವೆ ಅಡ್ಡಗೆರೆಗಳು. ಎಲ್ಲ ಸೇರಿ ಬಲೆ ಹೆಣೆದಂತೆ. ಆದರೆ ಅದು ಯಾವ ಪ್ರಭೇದ ಎಂದು ಹೇಳುವುದು ಬಲು ಕಷ್ಟ. ಜಗತ್ತಿನಲ್ಲಿ ನಾಲ್ಕೂವರೆ ಸಾವಿರದಷ್ಟು ಬಲೆರೆಕ್ಕೆಗಳಿಗೆ ಹೆಸರಿದೆ, ಹೆಸರಿಲ್ಲದವು ಇನ್ನೂ ಬಹಳ ಇವೆ. ಪಶ್ಚಿಮ ಘಟ್ಟದ ಬಲೆರೆಕ್ಕೆಗಳ ಜೊತೆ ಕೆಲಸ ಮಾಡುತ್ತ ಕಲಿತದ್ದನ್ನು ಈ ದಾರಿಗೆ ಬರುವ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದೇನೆ.

1. ಬಣ್ಣ ನೋಡಿ ತೀರ್ಮಾನಿಸಬೇಡಿ. ಈ ದುಂಬಿಯನ್ನು ಒತ್ತಿದರೆ ಹಾಲಿನಂಥ ರಸ ಒಸರುತ್ತದೆ, ಕಟುವಾದ ವಾಸನೆ ಬರುತ್ತದೆ. ಒಮ್ಮೆ ಬಾಯಿ ಹಾಕಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಹಾಗಾಗಿ ಒಂದೇ ಕಾಡಿನ ಬೇರೆ ಬೇರೆ ಕುಲದ ಬಲೆರೆಕ್ಕೆಗಳು ಒಂದೇ ಬಣ್ಣ ತೊಟ್ಟಿರುತ್ತವೆ. ಅದೇ ಹೊತ್ತಿಗೆ ಒಂದೇ ಪ್ರಭೇದ ಎರಡು ಸೀಮೆಗಳಲ್ಲಿ ಎರಡು ಬಣ್ಣದಲ್ಲಿ ಕಾಣಿಸುವುದೂ ಉಂಟು. ಲಿನ್ಸ್ಲಿ, ಐಸ್ನರ್ ಮತ್ತು ಕ್ಲಾಟ್ಸ್ 1961ರಲ್ಲಿ ಅಮೆರಿಕದ ಅರಿಜೋನಾದ ಲೈಕಸ್ ಎಂಬ ಬಲೆರೆಕ್ಕೆ ಕುಲದ ದುಂಬಿಗಳ ಬಗ್ಗೆ ಬರೆದ ಪ್ರಬಂಧವನ್ನು ಪ್ರತಿ ವಿದ್ಯಾರ್ಥಿಯೂ ಓದಬೇಕು. ಒಂದೇ ರೂಪದ ಹತ್ತಿರದ ಪ್ರಭೇದಗಳು ಅಲ್ಲಿ ಗುಂಪಾಗಿ ಬೆರೆತಿರುತ್ತವೆ. ಅದೇ ವೇಷದ ಎಲೈಟ್ರೊಲೆಪ್ಟಸ್ ಎಂಬ ಉದ್ದಮೀಸೆ ದುಂಬಿ ಆ ಗುಂಪಿಗೆ ಸೇರಿಕೊಂಡು ಲೈಕಸ್‌ಗಳನ್ನೇ ತಿನ್ನುತ್ತದೆ. ಹಕ್ಕಿಯನ್ನು ಎಚ್ಚರಿಸುವ ಬಣ್ಣ ನಮ್ಮನ್ನು ಏಮಾರಿಸುತ್ತದೆ.

2. ಗಂಡಿನ ಜನನಾಂಗ ನೋಡದೆ ಒಂದು ಸಾಲನ್ನೂ ಬರೆಯಬೇಡಿ. ಮೇಲ್ರೆಕ್ಕೆಯ ಏಣುಗಳ ಎಣಿಕೆ (ಕ್ಸೈಲೋಬಾನಸ್‌ನಲ್ಲಿ ನಾಲ್ಕು, ಕಾಟಿರೆಸ್‌ನಲ್ಲಿ ಒಂಬತ್ತು), ಎದೆಯ ಮೇಲಿನ ಫಲಕದಲ್ಲಿರುವ ಕೋಣೆಗಳು, ಮೀಸೆಯ ಆಕಾರ, ಇವು ನಿಮ್ಮನ್ನು ಕುಲದವರೆಗೆ ತಲುಪಿಸುತ್ತವೆ. ಪ್ರಭೇದದ ಮಾತಿಗೆ ಬಂದರೆ, ಅದರಲ್ಲೂ ಪ್ಲಾಟಿರೋಸ್‌ನಂಥ ದೊಡ್ಡ ಕುಲದಲ್ಲಿ, ಹೊರಗಿನಿಂದ ಏನೂ ತಿಳಿಯುವುದಿಲ್ಲ. ಒಣಗಿದ ದುಂಬಿಯನ್ನು ಮೊದಲು ನೀರಿನ ಹಬೆಯಲ್ಲಿ ಮೆತ್ತಗೆ ಮಾಡಿ, ಹೊಟ್ಟೆಯ ತುದಿಯನ್ನು ಬಿಡಿಸಿಕೊಳ್ಳಬೇಕು. ಅದನ್ನು ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹದವಾಗಿ ಬಿಸಿ ಮಾಡಿದರೆ ಸ್ನಾಯು, ಕೊಬ್ಬು ಕರಗಿ ಗಟ್ಟಿ ಭಾಗವಷ್ಟೇ ಉಳಿಯುತ್ತದೆ. ನೀರಿನಲ್ಲಿ ತೊಳೆದು, ಗ್ಲಿಸರಿನ್ನಿನಲ್ಲಿಟ್ಟು, ಮೇಲಿನಿಂದಲೂ ಪಕ್ಕದಿಂದಲೂ ನೋಡಿ, ಕೈಯಲ್ಲೇ ಚಿತ್ರ ಬರೆಯಿರಿ. ಫೋಟೊ ಬೇಕು, ಆದರೆ ಅದಷ್ಟೇ ಸಾಲದು. ಕ್ಯಾಮೆರಾ ಎಲ್ಲವನ್ನೂ ಒಂದೇ ಸಮ ತೋರಿಸುತ್ತದೆ, ಚಿತ್ರ ಬರೆಯುವ ಕೈ ಮಾತ್ರ ವ್ಯತ್ಯಾಸ ಎಲ್ಲಿದೆ ಎಂದು ನಿರ್ಧರಿಸಲೇಬೇಕಾಗುತ್ತದೆ. ಕೊನೆಗೆ ಆ ಅಂಗವನ್ನು ಸಣ್ಣ ಸೀಸೆಯಲ್ಲಿಟ್ಟು ದುಂಬಿಯ ಪಿನ್ನಿಗೇ ಚುಚ್ಚಿಡಿ. ಮೂವತ್ತು ವರ್ಷದ ಮೇಲೆ ಬರುವವರು ಬಿಚ್ಚಿ ನೋಡುವುದು ಅದನ್ನೇ.

3. ಹೊಸದು ಎನ್ನುವ ಮೊದಲು ಹಳೆಯದನ್ನೆಲ್ಲ ನೋಡಿ. ನನ್ನ ಕೆಲಸದ ಹೆಚ್ಚಿನ ಕಾಲ ಕಾಡಿನಲ್ಲಿ ಕಳೆದದ್ದಲ್ಲ, ಈ ಹುಡುಕಾಟದಲ್ಲಿ ಕಳೆದದ್ದು. ನಮ್ಮ ನಾಡಿನ ಬಲೆರೆಕ್ಕೆಗಳಲ್ಲಿ ಬಹಳಷ್ಟಕ್ಕೆ ಹೆಸರಿಟ್ಟವರು ಯುರೋಪಿನವರು, ಆ ಹೆಸರುಗಳಿಗೆ ಆಧಾರವಾದ ಟೈಪ್ ಮಾದರಿಗಳು ಇರುವುದೂ ಅಲ್ಲಿಯ ಮ್ಯೂಸಿಯಂಗಳಲ್ಲೇ. ಚಾರ್ಲ್ಸ್ ವಾಟರ್‌ಹೌಸ್ 1879ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಲೈಸಿಡೇ ಮಾದರಿಗಳ ಚಿತ್ರಗಳನ್ನೇ ಪುಸ್ತಕ ಮಾಡಿ ಕೊಟ್ಟರು. ಅದು ಇಂದಿಗೂ ಕೆಲಸಕ್ಕೆ ಬರುತ್ತದೆ. ಫ್ರಾನ್ಸಿನ ಮೊರಿಸ್ ಪಿಕ್ ಹೆಸರಿಟ್ಟ ದುಂಬಿಗಳು ಸಾವಿರಾರು, ವಿವರಣೆ ಮಾತ್ರ ಅನೇಕ ಕಡೆ ನಾಲ್ಕಾರು ಸಾಲು, ಅದೂ ಹೆಚ್ಚಾಗಿ ಬಣ್ಣದ್ದೇ. ಆ ಸಾಲುಗಳನ್ನು ಓದಿ ನಿಮ್ಮ ದುಂಬಿ ಅದೇ ಹೌದೋ ಅಲ್ಲವೋ ಹೇಳಲಾಗದು. ಪ್ಯಾರಿಸ್ಸಿನ ಮ್ಯೂಸಿಯಂಗೆ ಬರೆದು ಟೈಪ್‌ನ ಫೋಟೊ ತರಿಸಬೇಕು, ಆಗದಿದ್ದರೆ ಹೋಗಿಯೇ ನೋಡಬೇಕು. ಅವಸರದ ವಿವರಣೆಯ ಸಾಲವನ್ನು ಮುಂದಿನ ತಲೆಮಾರು ತೀರಿಸಬೇಕಾಗುತ್ತದೆ. ನಿಮ್ಮ ಪ್ರಭೇದ ಹತ್ತಿರದ ಯಾವ ಪ್ರಭೇದದಿಂದ, ಯಾವ ಲಕ್ಷಣದಲ್ಲಿ ಬೇರೆ ಎಂಬ ಒಂದು ಪ್ಯಾರಾ ಉಳಿದೆಲ್ಲ ಪುಟಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

4. ಲೇಬಲ್ ಇಲ್ಲದ ದುಂಬಿ ವಿಜ್ಞಾನಕ್ಕೆ ಇಲ್ಲದ ದುಂಬಿ. ಊರು, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಹಿಡಿದವರ ಹೆಸರು, ಹಿಡಿದ ಬಗೆ ಎಲ್ಲ ಅಂದೇ ಬರೆಯಿರಿ.

5. ಹೆಸರಿಡುವ ನಿಯಮಗಳನ್ನು ಮೊದಲೇ ಓದಿಕೊಳ್ಳಿ. 2000ದಿಂದೀಚೆಗೆ ಪ್ರಕಟಿಸುವ ಯಾವುದೇ ಹೊಸ ಪ್ರಭೇದಕ್ಕೆ ಟೈಪ್ ಮಾದರಿಯನ್ನು ಸ್ಪಷ್ಟವಾಗಿ ಹೆಸರಿಸಬೇಕು, ಅದು ಯಾವ ಸಂಗ್ರಹದಲ್ಲಿದೆ ಎಂದೂ ಹೇಳಬೇಕು. ಆನ್‌ಲೈನ್‌ನಲ್ಲಷ್ಟೇ ಬರುವ ಪತ್ರಿಕೆಯಾದರೆ ಪ್ರಬಂಧ ಪ್ರಾಣಿಗಳ ಹೆಸರುಗಳ ನೋಂದಣಿ ಕೋಶವಾದ ಜೂಬ್ಯಾಂಕ್‌ನಲ್ಲಿ ನೋಂದಣಿಯಾಗಿರಬೇಕು. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಜೀವಿಯ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸುವುದು ಕಡ್ಡಾಯ. ಟೈಪ್ ಮಾದರಿಯನ್ನು ಸ್ವಂತ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ತಪ್ಪು, ಎಷ್ಟೇ ಜೋಪಾನ ಮಾಡಿದರೂ.

6. ಡಿಎನ್‌ಎಯನ್ನು ಅದರ ಜಾಗದಲ್ಲಿ ಬಳಸಿ. 658 ಅಕ್ಷರಗಳ ಬಾರ್‌ಕೋಡ್ ತುಣುಕೊಂದನ್ನೇ ನಂಬಿ ಪ್ರಭೇದಕ್ಕೆ ಹೆಸರಿಡಲಾಗದು. ಆದರೆ ಮರಿಹುಳು ಯಾವ ದುಂಬಿಯದು ಎಂದು ಕಂಡುಹಿಡಿಯಲು ಅದರಂಥ ಉಪಾಯ ಇನ್ನೊಂದಿಲ್ಲ. ಬೋರ್ನಿಯೋದ ಪ್ಲಾಟಿರೊಡ್ರೈಲಸ್ ಹೆಣ್ಣು ಎಂದಿಗೂ ದುಂಬಿಯಾಗುವುದಿಲ್ಲ, ಐದಾರು ಸೆಂಟಿಮೀಟರಿನ ಮರಿಹುಳುವಿನ ರೂಪದಲ್ಲೇ ಪ್ರಾಯಕ್ಕೆ ಬರುತ್ತದೆ. ಗಂಡು ಅದರ ಮುಂದೆ ತೀರ ಪುಟ್ಟದು. ನಿಸರ್ಗತಜ್ಞ ಪರ್ಟಿ 1831ರಲ್ಲೇ ಈ ಬಗೆಯ ಹುಳುವನ್ನು ಚಿತ್ರಿಸಿದ್ದರೂ, ಅದರ ಗಂಡು ಯಾವುದೆಂದು ಸಾರಾವಾಕ್ ಮ್ಯೂಸಿಯಂನಲ್ಲಿ ಕೆಲಸ ಮಾಡಿದ್ದ ಎರಿಕ್ ಮ್ಯೋಬರ್ಗ್ ಪ್ರಕಟಿಸಿದ್ದು 1925ರಲ್ಲಿ. 2014ರಲ್ಲಿ ಚೆಕ್ ದೇಶದ ಮಾಶೆಕ್ ಮತ್ತು ಬೊತ್ಸಾಕ್ ಈ ಕುಲದ ಮರಿಹುಳುಗಳನ್ನೂ ಗಂಡುಗಳನ್ನೂ ಡಿಎನ್‌ಎ ಮೂಲಕ ಜೋಡಿಸಿ, ಹೊಸ ಪ್ರಭೇದಗಳನ್ನೂ ವಿವರಿಸಿದರು.

ನಮ್ಮ ಘಟ್ಟದ ಬಲೆರೆಕ್ಕೆಗಳ ಮರಿಹುಳುಗಳ ಬಗ್ಗೆ ಅಂಥ ಕೆಲಸ ಇನ್ನೂ ಆಗಬೇಕಿದೆ. ಅವು ಕೊಳೆತ ಒದ್ದೆ ದಿಮ್ಮಿಗಳಲ್ಲಿ, ಸಡಿಲ ತೊಗಟೆಯ ಕೆಳಗೆ ಇರುತ್ತವೆ. ನಿಮ್ಮ ತೋಟದಲ್ಲಿ, ಊರ ಬೆಟ್ಟದಲ್ಲಿ ಕಂಡರೆ ಮೇಲಿನಿಂದಲೂ ಪಕ್ಕದಿಂದಲೂ ಫೋಟೊ ತೆಗೆಯಿರಿ. ಜಾಗ, ದಿನಾಂಕ ಬರೆದು ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಕಳುಹಿಸಿ. ತೊಗಟೆಯನ್ನು ಇದ್ದಂತೆಯೇ ಮುಚ್ಚಿ ಬನ್ನಿ.