ಔಷಧ ವಾಪಸ್ ಹೋಗುವಾಗ: ಬ್ಯಾಚ್ ನಂಬರ್ ಕಲಿಸುವ ಪಾಠ



ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆ ಎಂಬ ಅಧ್ಯಾಯವಿದೆ. ಅದರಲ್ಲಿರುವ ಗ್ರಾಹಕನ ಆರು ಹಕ್ಕುಗಳನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಕೊಂಡ ಫ್ಯಾನು ತಿರುಗದಿದ್ದರೆ ವಾಪಸ್ ಕೊಡುತ್ತೇವೆ, ಬೇರೆಯದು ಬರುವವರೆಗೆ ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತೇವೆ. ಆದರೆ ಕೊಂಡದ್ದು ಪ್ರಾಣ ಉಳಿಸುವ ಔಷಧವಾಗಿದ್ದು, ತಯಾರಿಸಿದ ಕಂಪನಿಯೇ "ಇದರಲ್ಲಿ ದೋಷವಿರಬಹುದು, ವಾಪಸ್ ಕೊಡಿ" ಎಂದರೆ ಏನು ಮಾಡಬೇಕು? ಕೊಟ್ಟುಬಿಟ್ಟರೆ ಆ ರಾತ್ರಿ ಮನೆಯಲ್ಲಿ ಏನಿರುತ್ತದೆ? ಈ ಪ್ರಶ್ನೆಗೆ ಅಲರ್ಜಿಯ ತುರ್ತು ಔಷಧವನ್ನು ಉದಾಹರಣೆಯಾಗಿ ಇಟ್ಟುಕೊಂಡು ಉತ್ತರ ಹುಡುಕೋಣ.

1. ಅಲರ್ಜಿ ಮತ್ತು ಅಡ್ರಿನಲಿನ್

ನಮ್ಮ ಮಾಂಬಳ್ಳಿ, ಅಗರ, ಯಳಂದೂರಿನ ಕಡೆಯವರಿಗೆ ಅಲರ್ಜಿ ಹೊಸದಲ್ಲ. ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿ ಗೂಡಿನ ಧೂಳಿಗೆ ಸೀನು, ಉಬ್ಬಸ ಬರುವವರಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಕಡೆ ಹೆಜ್ಜೇನು ಕಚ್ಚುತ್ತದೆ. ಕೆಲವರಿಗೆ ಕಡಲೆಕಾಯಿ ಆಗುವುದಿಲ್ಲ, ಕೆಲವರಿಗೆ ಪೆನಿಸಿಲಿನ್ ಆಗುವುದಿಲ್ಲ. ಹೆಚ್ಚಿನವರಿಗೆ ಇದು ತುರಿಕೆಯಲ್ಲೇ ಮುಗಿಯುತ್ತದೆ. ಕೆಲವರಿಗೆ ಮಾತ್ರ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದು ಎದ್ದು, ತುಟಿ ನಾಲಿಗೆ ಊದಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುತ್ತದೆ. ವೈದ್ಯರು ಇದನ್ನು ಅನಾಫಿಲಾಕ್ಸಿಸ್ ಎನ್ನುತ್ತಾರೆ.

ಇದಕ್ಕೆ ಮೊದಲ ಔಷಧ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಅದು ಊತ ಇಳಿಸುತ್ತದೆ, ಶ್ವಾಸನಾಳ ತೆರೆಯುತ್ತದೆ, ರಕ್ತದೊತ್ತಡ ಎತ್ತುತ್ತದೆ. ತುರಿಕೆಗೆ ನುಂಗುವ ಸೆಟ್ರಿಜಿನ್ ಮಾತ್ರೆ ಈ ಕೆಲಸ ಮಾಡುವುದಿಲ್ಲ. ಅಂದರೆ ಅರ್ಥಶಾಸ್ತ್ರದ ಭಾಷೆಯಲ್ಲಿ ಅಡ್ರಿನಲಿನ್‌ಗೆ ಹತ್ತಿರದ ಬದಲಿ ಸರಕು ಇಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಅಮೆರಿಕದಂಥ ದೇಶಗಳಲ್ಲಿ ತೀವ್ರ ಅಲರ್ಜಿ ಇರುವವರು ಅಡ್ರಿನಲಿನ್ ತುಂಬಿದ ಪೆನ್ನಿನಾಕಾರದ ಸಾಧನವನ್ನು ಜೊತೆಯಲ್ಲೇ ಇಟ್ಟುಕೊಳ್ಳುತ್ತಾರೆ. ತೊಡೆಗೆ ಒತ್ತಿದರೆ ಸೂಜಿ ತಾನೇ ಚುಚ್ಚುತ್ತದೆ. ನಮ್ಮಲ್ಲಿ ಅಡ್ರಿನಲಿನ್ ಇರುವುದು ಆಸ್ಪತ್ರೆಯ ತುರ್ತು ಟ್ರೇಯಲ್ಲಿ, 1 ಮಿಲಿಲೀಟರಿನ ಸಣ್ಣ ಗಾಜಿನ ಆಂಪೂಲಿನಲ್ಲಿ. ಅದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಬೆಲೆಯೂ ಕಡಿಮೆ.

2. ಪೆನ್ನು ವಾಪಸ್ ಹೋದ ಎರಡು ಸಲ

2015ರ ಅಕ್ಟೋಬರ್ 28ರಂದು ಸನೋಫಿ ಕಂಪನಿ ಅಮೆರಿಕದ ಮಾರುಕಟ್ಟೆಯಲ್ಲಿದ್ದ ತನ್ನ ಆವಿ-ಕ್ಯೂ ಪೆನ್ನುಗಳನ್ನೆಲ್ಲ ವಾಪಸ್ ಕರೆಯಿತು. ಔಷಧದ ಪ್ರಮಾಣ ಸರಿಯಾಗಿ ಬಾರದಿರಬಹುದು ಎಂಬ 26 ದೂರುಗಳು ಬಂದಿದ್ದವು. 2017ರ ಮಾರ್ಚ್ 31ರಂದು ಮೈಲಾನ್ ಕಂಪನಿ ಮಾರುತ್ತಿದ್ದ ಎಪಿಪೆನ್ನಿನ 13 ಬ್ಯಾಚ್‌ಗಳನ್ನು ಅಲ್ಲಿ ವಾಪಸ್ ಕರೆಯಲಾಯಿತು. ಬೇರೆ ದೇಶಗಳಲ್ಲಿ ಎರಡು ಪೆನ್ನುಗಳು ಒತ್ತಿದರೂ ಕೆಲಸ ಮಾಡಿರಲಿಲ್ಲ.

ಎರಡೂ ಸಲ ಜನರಿಗೆ ಕೊಟ್ಟ ಸೂಚನೆಯನ್ನು ಗಮನಿಸಬೇಕು. ಎಪಿಪೆನ್ ಇರುವವರಿಗೆ, ಬದಲಿ ಪೆನ್ನು ಕೈಗೆ ಬರುವವರೆಗೆ ಹಳೆಯದನ್ನೇ ಇಟ್ಟುಕೊಳ್ಳಿ, ತುರ್ತು ಬಂದರೆ ಅದನ್ನೇ ಬಳಸಿ ಎಂದರು. ಆವಿ-ಕ್ಯೂ ಇರುವವರಿಗೆ, ಬೇರೆ ಪೆನ್ನು ಸಿಗದೇ ಹೋದರೆ ಮಾತ್ರ ಇದನ್ನು ಬಳಸಿ, ಕೂಡಲೇ ತುರ್ತು ಸೇವೆಗೆ ಕರೆ ಮಾಡಿ ಎಂದರು. ಕಾರಣ ಸರಳ. ದೋಷವಿರಬಹುದಾದ ಪೆನ್ನು ಬಹುಶಃ ಕೆಲಸ ಮಾಡುತ್ತದೆ, ಇಲ್ಲದ ಪೆನ್ನು ಖಂಡಿತ ಕೆಲಸ ಮಾಡುವುದಿಲ್ಲ.

ಇದರಲ್ಲಿ ವ್ಯಾಪಾರದ ಪಾಠವೂ ಇದೆ. ಎರಡು ಎಪಿಪೆನ್ನಿನ ಒಂದು ಪೊಟ್ಟಣದ ಬೆಲೆ 2007ರಲ್ಲಿ ಸುಮಾರು 100 ಡಾಲರ್ ಇದ್ದದ್ದು 2016ರ ಹೊತ್ತಿಗೆ ಸುಮಾರು 600 ಡಾಲರ್ ಆಗಿತ್ತು. ಆವಿ-ಕ್ಯೂ ಮಾರುಕಟ್ಟೆಯಿಂದ ಹೋದಾಗ ಎಪಿಪೆನ್ನಿನ ಮುಖ್ಯ ಪೈಪೋಟಿಯೇ ಹೋಯಿತು. ಮಾರಾಟಗಾರರು ಕಡಿಮೆ ಇರುವ ಕಡೆ ಒಬ್ಬರ ಸರಕು ವಾಪಸ್ ಹೋದರೆ ಬೆಲೆ, ಪೂರೈಕೆ ಎರಡೂ ಉಳಿದವರ ಕೈಗೆ ಸೇರುತ್ತವೆ. 2018ರಲ್ಲಿ ಎಪಿಪೆನ್ನಿಗೇ ಕೊರತೆ ಬಂದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕೆಲವು ಬ್ಯಾಚ್‌ಗಳ ಅವಧಿಯನ್ನು ನಾಲ್ಕು ತಿಂಗಳು ವಿಸ್ತರಿಸಬೇಕಾಯಿತು.

3. ನಮ್ಮ ರಾಜ್ಯದ ಅನುಭವ

ದೂರದ ಕತೆ ಸಾಕು, ಹತ್ತಿರ ಬರೋಣ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ಅನುಮಾನ ಬಂದದ್ದು ಅವರಿಗೆ ಹಾಕಿದ್ದ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ. ಅದನ್ನು ಪೂರೈಸಿದ್ದು ಪಶ್ಚಿಮ ಬಂಗಾಳದ ಕಂಪನಿ. ರಾಜ್ಯ ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆಯನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನಿಪುರದ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬರು ತೀರಿಕೊಂಡಾಗಲೂ ಅದೇ ಕಂಪನಿಯ ದ್ರಾವಣದ ಮೇಲೆ ಅನುಮಾನ ಬಂತು. ಒಂದು ರಾಜ್ಯದಲ್ಲಿ ನಿಂತ ಔಷಧದ ಸುದ್ದಿ ಎಲ್ಲ ರಾಜ್ಯಗಳ ಆಸ್ಪತ್ರೆ ಬಾಗಿಲಿಗೂ ಬೇಗ ಮುಟ್ಟುವುದು ಎಷ್ಟು ಮುಖ್ಯ ಎಂದು ಇದರಿಂದ ತಿಳಿಯುತ್ತದೆ.

ಇಲ್ಲಿ ಯಾರೂ "ಬದಲಿ ಬರುವವರೆಗೆ ಬಳಸಿ" ಎನ್ನಲಿಲ್ಲ, ಮೊದಲು ನಿಲ್ಲಿಸಿದರು. ಅದೂ ಸರಿಯೇ. ಡ್ರಿಪ್ ದ್ರಾವಣವನ್ನು ಬೇರೆ ಕಂಪನಿಗಳೂ ತಯಾರಿಸುತ್ತವೆ, ಬದಲಿ ಇದೆ. ಬದಲಿ ಇದ್ದರೆ ಮೊದಲು ನಿಲ್ಲಿಸು, ಆಮೇಲೆ ತನಿಖೆ ಮಾಡು. ಬದಲಿ ಇಲ್ಲದ ತುರ್ತು ಔಷಧವಾದರೆ ಮೊದಲು ಬದಲಿ ತಾ, ಆಮೇಲೆ ವಾಪಸ್ ಕೊಡು.

ಕೆಟ್ಟ ಔಷಧ ಒಂದು ಅಪಾಯ, ಔಷಧವೇ ಇಲ್ಲದಿರುವುದು ಇನ್ನೊಂದು ಅಪಾಯ. ಎರಡನೆಯದನ್ನು ನಮ್ಮ ಜಿಲ್ಲೆಗೆ ಯಾರೂ ವಿವರಿಸಬೇಕಿಲ್ಲ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ಹೊತ್ತಿನಲ್ಲಿ 24 ರೋಗಿಗಳು ತೀರಿಕೊಂಡರು.

4. ಲೆಕ್ಕಶಾಸ್ತ್ರದ ಕಣ್ಣಿನಿಂದ

ಭಾರತದಲ್ಲಿ ಔಷಧ ವಾಪಸಾತಿಗೆ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿ ಇದೆ. ಅದರಲ್ಲಿ ಮೂರು ದರ್ಜೆಗಳು. ಪ್ರಾಣಕ್ಕೆ ಅಪಾಯವಿದ್ದರೆ ಮೊದಲ ದರ್ಜೆ. ಆಗ 24 ಗಂಟೆಯಿಂದ ಹೆಚ್ಚೆಂದರೆ 72 ಗಂಟೆಯೊಳಗೆ ಸರಕು ವಾಪಸ್ ಆಗಬೇಕು, ಸುದ್ದಿ ಬಳಕೆದಾರನವರೆಗೂ ಹೋಗಬೇಕು.

ಸರಕು ಹೋಗುವ ದಾರಿ ಹೀಗಿದೆ: ತಯಾರಕ, ಸಗಟು ವ್ಯಾಪಾರಿ, ಮೆಡಿಕಲ್ ಸ್ಟೋರ್ ಅಥವಾ ಆಸ್ಪತ್ರೆ, ರೋಗಿ. ವಾಪಸಾತಿ ಇದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ಮೆಡಿಕಲ್ ಸ್ಟೋರಿನವರು ಖರೀದಿ ವಾಪಸಾತಿ ಪುಸ್ತಕದಲ್ಲಿ ಬರೆದು ಡೆಬಿಟ್ ನೋಟ್ ಕಳಿಸುತ್ತಾರೆ. ಸಗಟು ವ್ಯಾಪಾರಿ ಮಾರಾಟ ವಾಪಸಾತಿ ಪುಸ್ತಕದಲ್ಲಿ ಬರೆದು ಕ್ರೆಡಿಟ್ ನೋಟ್ ಕೊಡುತ್ತಾರೆ. ಪ್ರಥಮ ಪಿಯುಸಿಯಲ್ಲಿ ನಾವು ಕಲಿತ ಲೆಕ್ಕವೇ ಇದು. ಇಷ್ಟು ದೂರ ಬ್ಯಾಚ್ ನಂಬರ್ ಹಿಡಿದು ಸರಕನ್ನು ಹುಡುಕಬಹುದು.

ಕೊನೆಯ ಕೊಂಡಿಯಾದ ರೋಗಿಯ ಮನೆಯಲ್ಲಿ ಮಾತ್ರ ಲೆಡ್ಜರ್ ಇಲ್ಲ. ಅಲ್ಲಿರುವ ಒಂದೇ ದಾಖಲೆ ಬಿಲ್ಲು. ಔಷಧದ ಬಿಲ್ಲಿನಲ್ಲಿ ಔಷಧದ ಹೆಸರು, ತಯಾರಕರ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಇರಬೇಕು. "ಬಿಲ್ಲು ಬೇಡ, ಬಿಡಿ" ಎಂದು ನಾವು ಹೊರಟಾಗ ಈ ಸರಪಳಿ ನಮ್ಮ ಕೈಯಲ್ಲೇ ತುಂಡಾಗುತ್ತದೆ. ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟಾಗ ಬ್ಯಾಚ್ ನಂಬರ್ ಇರುವ ತುದಿ ಅಂಗಡಿಯಲ್ಲೇ ಉಳಿದರೂ ಅಷ್ಟೇ.

ಭಾಷೆಯ ತೊಂದರೆಯೂ ಇದೆ. ನಮ್ಮದು ಉರ್ದು ಮಾತನಾಡುವ ಮನೆ. ಅಪ್ಪನ ತಾಯಿ, ನಮ್ಮ ದಾದಿಮಾಗೆ ಪೆನಿಸಿಲಿನ್ ಆಗುವುದಿಲ್ಲ. ಅವರು ಓದುವುದು ಉರ್ದು, ಆಸ್ಪತ್ರೆಯ ಚೀಟಿ ಮತ್ತು ಔಷಧದ ಡಬ್ಬಿ ಇಂಗ್ಲಿಷು, ಪತ್ರಿಕೆಯ ಪ್ರಕಟಣೆ ಕನ್ನಡ. ಆದ್ದರಿಂದ "ಪೆನಿಸಿಲಿನ್ ಅಲರ್ಜಿ ಇದೆ" ಎಂದು ಮೂರೂ ಭಾಷೆಯಲ್ಲಿ ಬರೆದ ಚೀಟಿಯೊಂದು ಅವರ ಪಾನ್‌ದಾನಿನ ಜೊತೆಯಲ್ಲೇ ಇರುತ್ತದೆ. ಬಿಲ್ಲು ಓದುವ ಕೆಲಸ ನನ್ನದು. ನಮ್ಮಲ್ಲಿ ಬಹಳ ಮನೆಗಳಲ್ಲಿ ಓದಬಲ್ಲವರು ನಾವೇ, ಅಂದರೆ ಪಿಯುಸಿ ಮಕ್ಕಳು. ಹಾಗಾಗಿ ಆ ಕೊನೆಯ ಕೊಂಡಿಯ ಗುಮಾಸ್ತರೂ ನಾವೇ ಆಗಬೇಕು.

ಮಾರುವವನು ಸರಕಿನ ದೋಷವನ್ನು ಮುಚ್ಚಿಡಬಾರದು, ದೋಷ ಕಂಡರೆ ಕೊಂಡವನಿಗೆ ವಾಪಸ್ ಕೊಡುವ ಹಕ್ಕಿದೆ ಎಂಬುದು ಇಸ್ಲಾಮಿನ ವ್ಯಾಪಾರ ನಿಯಮಗಳಲ್ಲೂ ಇದೆ. ಅದಕ್ಕೆ ಖಿಯಾರುಲ್ ಐಬ್ ಎನ್ನುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಪಾಯಕಾರಿ ಸರಕನ್ನು ವಾಪಸ್ ಪಡೆದು ಹಣ ಹಿಂದಿರುಗಿಸುವಂತೆ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ.

5. ಮನೆಯಲ್ಲಿ ಮಾಡಬೇಕಾದದ್ದು

(ಅ) ಔಷಧ ಕೊಂಡಾಗ ಬಿಲ್ಲು ಕೇಳಿ ಪಡೆಯಿರಿ. ಅದರಲ್ಲಿರುವ ಬ್ಯಾಚ್ ನಂಬರನ್ನು ಡಬ್ಬಿಯ ಮೇಲಿನದಕ್ಕೆ ತಾಳೆ ನೋಡಿ. ಔಷಧ ಮುಗಿಯುವವರೆಗೆ ಬಿಲ್ಲು ಎಸೆಯಬೇಡಿ.

(ಆ) ಗುಣಮಟ್ಟವಿಲ್ಲದ ಔಷಧಗಳ ಪ್ರಕಟಣೆ ಪತ್ರಿಕೆಯಲ್ಲಿ ಬಂದರೆ ಹೆಸರಷ್ಟೇ ನೋಡಿ ಹೆದರಬೇಡಿ. ಕಂಪನಿ ಮತ್ತು ಬ್ಯಾಚ್ ಎರಡೂ ಹೊಂದಿದರೆ ಮಾತ್ರ ಅದು ನಿಮ್ಮ ಔಷಧ.

(ಇ) ಹೊಂದಿದರೆ, ದಿನವೂ ನುಂಗುವ ಔಷಧವನ್ನು ನೀವಾಗಿಯೇ ಬಿಡಬೇಡಿ. ಅಂದೇ ವೈದ್ಯರನ್ನು ಅಥವಾ ಔಷಧ ಅಂಗಡಿಯವರನ್ನು ಕೇಳಿ ಬದಲಿ ಪಡೆಯಿರಿ.

(ಈ) ವಿದೇಶದ ಸಂಬಂಧಿಕರು ತಂದುಕೊಟ್ಟ ಅಡ್ರಿನಲಿನ್ ಪೆನ್ನು ಇದ್ದರೆ ಅದರ ಬ್ಯಾಚ್ ನಂಬರಿನ ಫೋಟೋ ಅವರ ಬಳಿಯೂ ಇರಲಿ, ಏಕೆಂದರೆ ವಾಪಸಾತಿಯ ಸುದ್ದಿ ಬರುವುದು ಅವರ ದೇಶದಲ್ಲಿ. ಔಷಧ ಕಂದು ಬಣ್ಣಕ್ಕೆ ತಿರುಗಿದರೆ ವೈದ್ಯರಿಗೆ ತೋರಿಸಿ.

(ಉ) ಯಾರಿಗಾದರೂ ಅಲರ್ಜಿಯಿಂದ ಉಸಿರು ಕಟ್ಟಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಅವರನ್ನು ಮಲಗಿಸಿ ಕಾಲು ಎತ್ತರಕ್ಕಿಡಿ. ಮಲಗಿದರೆ ಉಸಿರಾಟ ಕಷ್ಟವಾದರೆ ಕೂರಿಸಿ. ಎದ್ದು ನಡೆಯಲು ಬಿಡಬೇಡಿ. ಸ್ವಲ್ಪ ಸುಧಾರಿಸಿದರೂ ಆಸ್ಪತ್ರೆಗೆ ಕರೆದೊಯ್ಯಿರಿ, ತೊಂದರೆ ಕೆಲವು ಗಂಟೆಗಳ ನಂತರ ಮರುಕಳಿಸಬಹುದು.

(ಊ) ಔಷಧದಿಂದ ಅಡ್ಡಪರಿಣಾಮವಾದರೆ 1800-180-3024ಕ್ಕೆ, ಗ್ರಾಹಕನಾಗಿ ದೂರಿದ್ದರೆ 1915ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬಳ್ಳಿಯಂತೆ ಹಬ್ಬುವ ವಾಟ್ಸಾಪ್ ಸುದ್ದಿಯನ್ನು ಮುಂದೆ ಕಳಿಸುವುದಕ್ಕಿಂತ ಇದು ಒಳ್ಳೆಯದು.

ಅಭ್ಯಾಸ

1. ನಿಮ್ಮ ಮನೆಯಲ್ಲಿರುವ ಐದು ಔಷಧಗಳ ಹೆಸರು, ತಯಾರಕರು, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಬರೆದು ಪಟ್ಟಿ ಮಾಡಿ. ಎಷ್ಟಕ್ಕೆ ಬಿಲ್ಲು ಇದೆ?

2. ಮೆಡಿಕಲ್ ಸ್ಟೋರ್ ಒಂದು ₹2,400 ಮೌಲ್ಯದ ಔಷಧವನ್ನು ವಾಪಸಾತಿ ಸೂಚನೆಯಂತೆ ಸಾಲದ ಮೇಲೆ ಕೊಂಡ ಸಗಟು ವ್ಯಾಪಾರಿಗೆ ಹಿಂದಿರುಗಿಸಿದೆ. ಇಬ್ಬರ ಪುಸ್ತಕಗಳಲ್ಲೂ ರೋಜು ದಾಖಲೆ ಬರೆಯಿರಿ. ಇದರಲ್ಲಿ ರೋಗಿಯ ನಷ್ಟ ಎಲ್ಲಿ ದಾಖಲಾಗಿದೆ?

ಎರಡನೆಯ ಪ್ರಶ್ನೆಯ ಕೊನೆಯ ಭಾಗಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಮನೆಯಲ್ಲಿ ಮಾಡಿದ ಪಟ್ಟಿಯನ್ನು ತರಗತಿಗೆ ತನ್ನಿ, ಕೂಡಿ ಚರ್ಚಿಸೋಣ.